ಏಳು ಕೈ ಕುಸುಬೆ ಎಣ್ಣೆ

ಮೋನಮ್ಮ ತನ್ನ ಮಾವನ ಬಂದೂಕಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದು ಯಾವ ಕೆಟ್ಟ ಬುದ್ಧಿಯಿಂದಲೂ ಅಲ್ಲ. ಮಹಾಲಯ ಅಮಾವಾಸ್ಯೆಗೆ ನಾಲ್ಕು ದಿನ ಉಳಿದಿತ್ತು. ಹಂಡೆ, ಕೊಡ, ತಂಬಿಗೆ, ದೀಪದ ಕಂಬ ಎಲ್ಲವನ್ನೂ ಹಿತ್ತಲಿಗೆ ಹಾಕಿಕೊಂಡು ಹುಣಸೆಹಣ್ಣು, ಉಪ್ಪು, ಇಟ್ಟಂಗಿ ಪುಡಿ ಹಚ್ಚಿ ಬೆಳಗಿ ಮುಗಿಸಿದ್ದಳು. ಕೈಯಲ್ಲಿ ಇನ್ನೂ ಒಂದು ಮುಷ್ಟಿ ಹುಣಸೆಹಣ್ಣು ಉಳಿದಿತ್ತು. ಒಳಗೆ ಬಂದು ತಲೆ ಎತ್ತಿದರೆ ಪಡಸಾಲೆಯ ಗೋಡೆಗೆ ಎರಡು ಗೂಟದ ಮೇಲೆ ಬಂದೂಕು ಅಡ್ಡ ಮಲಗಿತ್ತು. ಅದರ ಕರಿ ನಳಿಗೆಯ ಮೇಲೆ ಅಲ್ಲಲ್ಲಿ ಕೆಂಪಗೆ ತುಕ್ಕು ಎದ್ದಿತ್ತು.

ಕಾಲುವೆ ಬರುವ ಮೊದಲು ಆ ಮನೆ ತುಕ್ಕು ಕಂಡದ್ದಿಲ್ಲ. ಕಕ್ಕೇರಾ ಊರ ಹೊರಗೆ ನಾಲ್ಕಾರು ಹೊಲಮನೆಗಳಿದ್ದ ಆ ದೊಡ್ಡಿಯಲ್ಲಿ ಹಸಿ ಸೀರೆ ಹರವಿದರೆ ಬಾವಿಗೆ ಹೋಗಿ ಬರುವಷ್ಟರಲ್ಲಿ ಒಣಗುತ್ತಿತ್ತು. ನೀರು ಬಿಟ್ಟು ಆಗ ಆರು ವರ್ಷ. ಮನೆಯ ಬೆನ್ನಿಗೇ ಹರಿಯುವ ಉಪಕಾಲುವೆಯಿಂದ ನೀರು ಒಸರಿ ಗೋಡೆ ಮೊಣಕಾಲಮಟ ಸದಾ ಹಸಿ. ಉಪ್ಪು ಗಡಿಗೆಯಲ್ಲೇ ನೀರೊಡೆಯುತ್ತಿತ್ತು. ಜೋಳ, ಕುಸುಬೆ ಹೋಗಿ ಹೊಲದ ತುಂಬ ಭತ್ತ ನಿಂತಿತ್ತು. ಊಟಕ್ಕೆ ಅನ್ನ ಬಂತು, ಕುಡುಗೋಲಿಗೆ ತುಕ್ಕು ಬಂತು.

ಬಂದೂಕು ಬಸವಂತ್ರಾಯನದು. ಎಪ್ಪತ್ತು ದಾಟಿದ ಮುದುಕ, ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ಮಾತ್ರ ಕಾಣುತ್ತಿತ್ತು. ನಲವತ್ತು ವರ್ಷದಿಂದ ಅವನ ಹೆಸರಿಗೆ ಲೈಸೆನ್ಸ್. ಹಂದಿ ಕಾಯಲು ಹೊಲಕ್ಕೆ ಒಯ್ಯುತ್ತಿದ್ದ ಒಂಟಿ ನಳಿಗೆಯ ತೋಟಾ ಬಂದೂಕು. ತೋಟಾಗಳು ಬೇರೆ ಪೆಟ್ಟಿಗೆಯಲ್ಲಿ, ಬೀಗದ ಕೈ ಅವನ ಉಡದಾರದಲ್ಲಿ. ಅಮಾವಾಸ್ಯೆಗೊಮ್ಮೆ ತಾನೇ ಇಳಿಸಿ, ತಾನೇ ಎಣ್ಣೆ ಕೈಯಿಂದ ಸವರಿ, ತಾನೇ ಏರಿಸುತ್ತಿದ್ದ. ಮನೆಯ ಹೆಂಗಸರು ಅದಕ್ಕೆ ಕೈ ಹಚ್ಚುವ ರೂಢಿ ಇರಲಿಲ್ಲ. ಹಚ್ಚಬಾರದು ಅಂತ ಯಾರೂ ಹೇಳಿಯೂ ಇರಲಿಲ್ಲ.

ಆ ಬಂದೂಕಿನ ಮೇಲೆ ಈಗ ಒಂದು ನೌಕರಿ ನಿಂತಿತ್ತು. ಮಗ ಅಂಬ್ರಪ್ಪನಿಗೆ ಶಹಾಪುರದ ಒಂದು ಅರಳೆ ಮಿಲ್ಲಿನವರು ಬಂದೂಕಿನ ಕಾವಲುಗಾರನ ಕೆಲಸ ಕೊಡುತ್ತೇವೆ ಅಂದಿದ್ದರು. ಲೈಸೆನ್ಸ್ ಅವನ ಹೆಸರಿಗೆ ಇರಬೇಕು, ಅಷ್ಟೇ. ಕಾಗದವೆಲ್ಲ ಓಡಾಡಿ ಮುಗಿದು, ದೀಪಾವಳಿ ಆದ ಮೇಲಿನ ಗುರುವಾರ ಸುರಪುರದ ತಾಲೂಕು ಕಚೇರಿಗೆ ತಂದೆಯೂ ಮಗನೂ ಬಂದೂಕು ಸಮೇತ ಬರಬೇಕು, ಇದು ನನ್ನದು, ಮಗನಿಗೆ ಕೊಡುತ್ತಿದ್ದೇನೆ ಅಂತ ತಂದೆ ತನ್ನ ಬಾಯಿಂದಲೇ ಹೇಳಬೇಕು ಅಂತಾಗಿತ್ತು.

ಇಂಥ ಬಂದೂಕು ತುಕ್ಕು ತಿಂದು ಸಾಹೇಬರ ಮುಂದೆ ಹೋದರೆ ಮರ್ಯಾದೆ ಏನು ಉಳಿಯಿತು ಅಂದುಕೊಂಡಳು ಮೋನಮ್ಮ. ಮಾವ ಮಗಳ ಊರಿಗೆ ಹೋಗಿದ್ದ. ಗಂಡ, ಅತ್ತೆ ಹೊಲದಲ್ಲಿದ್ದರು. ಬಂದೂಕು ಇಳಿಸಿ ಹಿತ್ತಲಿಗೆ ತಂದು ಹಂಡೆ ತಿಕ್ಕಿದ ಹಾಗೆಯೇ ನಳಿಗೆಯನ್ನು ತಿಕ್ಕಿದಳು. ತುಕ್ಕು ಹೋಯಿತು, ತುಕ್ಕಿನ ಜೊತೆಗೆ ಕರಿ ಬಣ್ಣವೂ ಹೋಯಿತು. ಒಳಗಿಂದ ಕಬ್ಬಿಣ ಬೆಳ್ಳಗೆ ಹೊಳೆಯತೊಡಗಿತು. ಎರಡು ಚರಿಗೆ ನೀರು ಸುರಿದು ತೊಳೆದು, ಸೆರಗಿನಿಂದ ಒರೆಸಿ, ಮೊದಲಿನ ಹಾಗೆಯೇ ಗೂಟಕ್ಕೆ ಏರಿಸಿ, ಸಂತೋಷದಿಂದ ರೊಟ್ಟಿ ಬಡಿಯಲು ಕುಳಿತಳು.

ಮರುದಿನ ಬೆಳಿಗ್ಗೆ ಕಸ ಹೊಡೆಯಲು ಹೋದವಳು ಪೊರಕೆ ಹಿಡಿದು ಅಲ್ಲೇ ನಿಂತಳು. ನಳಿಗೆ ಈ ತುದಿಯಿಂದ ಆ ತುದಿಗೆ ಕೆಮ್ಮಣ್ಣು ಬಳಿದ ಹಾಗೆ ಆಗಿತ್ತು. ಗಡಿಬಿಡಿಯಲ್ಲಿ ರೇಷನ್ನಿನ ಪಾಮೋಲಿನ್ ಎಣ್ಣೆ ತಂದು ಸವರಿದಳು. ಎಣ್ಣೆ ಮೇಲೆ ಅಂಟಿತು, ತುಕ್ಕು ಕೆಳಗೆ ಉಳಿಯಿತು. ಪಡಸಾಲೆಯ ಕತ್ತಲಲ್ಲಿ ಗಂಡ ಆ ಕಡೆ ನೋಡಲಿಲ್ಲ. ಅವಳೂ ಹೇಳಲಿಲ್ಲ.

ಅಮಾವಾಸ್ಯೆಯ ದಿನ ಮುಂಜಾನೆ ಬಸವಂತ್ರಾಯ ಜಳಕ ಮಾಡಿ ಬಂದು ಬಂದೂಕು ಇಳಿಸಿಕೊಂಡು ಚಾಪೆಯ ಮೇಲೆ ಕುಳಿತ. ಬೆರಳು ನಳಿಗೆಗೆ ತಗುಲಿದ್ದೇ ಕೈ ನಿಂತುಹೋಯಿತು. ಇನ್ನೊಮ್ಮೆ ಸವರಿದ. ಮೂಸಿ ನೋಡಿದ.

"ಅಂಬ್ರ್ಯಾ, ಬಾ ಇಲ್ಲಿ."

ಅಂಬ್ರಪ್ಪ ಎತ್ತಿಗೆ ಮೇವು ಹಾಕುತ್ತಿದ್ದವನು ಬಂದ.

"ಯಾರ ಬಂದೂಕಲೇ ಇದು?"

"ಯಾರದಿದ್ದೀತು? ನಿನ್ನ ಬಂದೂಕ ಐತಿ."

"ನಂದಲ್ಲ ಇದು. ನಂದು ನುಣ್ಣಗಿತ್ತು, ಎಮ್ಮಿ ಕೊಂಬಿನಂಗ. ಇದು ಉಸುಕು ಹಚ್ಚಿದಂಗ ಐತಿ. ನಾ ಮಗಳ ಮನಿಗಿ ಹೋದ ಮೂರು ದಿನದಾಗ ನೀ ಏನ್ ಮಾಡಿದಿ ಹೇಳು. ಯಾರಿಗಿ ಕೊಟ್ಟಿ? ಯಾವ ಸುಡುಗಾಡು ತಂದು ಇಲ್ಲಿ ಹಾಕಿದಿ?"

ಅಂಬ್ರಪ್ಪ ಬಾಗಿಲ ಬೆಳಕಿಗೆ ಬಂದೂಕು ಹಿಡಿದು ನೋಡಿದ. ಅವನಿಗೂ ಗಾಬರಿಯಾಯಿತು. "ಇದೇನಾತು ಇದಕ್ಕ," ಅಂದ. ಒಳಗೆ ಒಲೆಯ ಮುಂದೆ ಮೋನಮ್ಮನ ಕೈಯಲ್ಲಿ ಹೂರಣದ ಉಂಡೆ ಹಾಗೇ ಉಳಿಯಿತು.

"ತುಕ್ಕು ಹಿಡಿದೈತಿ ನೋಡಪಾ, ಕಾಲುವಿ ಹಸಿಗಿ. ತಡಿ, ನಂಬರ್ ಓದ್ತೀನಿ." ಅಂಬ್ರಪ್ಪ ಲೈಸೆನ್ಸ್ ಪುಸ್ತಕ ತಂದು ಅದರೊಳಗಿನ ನಂಬರು ಓದಿದ. ನಳಿಗೆಯ ಬುಡದಲ್ಲಿ ಕೊರೆದ ನಂಬರನ್ನೂ ಓದಿದ. "ಎರಡೂ ಒಂದ ಅದಾವ."

"ಓದಾಂವ ನೀನ, ಹೇಳಾಂವ ನೀನ," ಅಂದ ಮುದುಕ. "ನನಗ ಅಕ್ಷರ ಬರಂಗಿಲ್ಲ, ಕಣ್ಣು ಕಾಣಂಗಿಲ್ಲ. ನನ್ನ ಕೈ ಹೇಳಿದ್ದು ನನಗ ಖರೇ."

"ಹಂಗಾದ್ರ ಗುರುವಾರ ಕಚೇರಿಗಿ ಬಂದು ಏನ್ ಹೇಳ್ತಿ?"

"ಖರೇ ಇದ್ದದ್ದು ಹೇಳ್ತೀನಿ. ಇದು ನಂದಲ್ಲ ಅಂತೀನಿ."

"ಅಂದ್ರ ನೌಕರಿ ಹೋತು, ಮ್ಯಾಲ ಪೊಲೀಸರು ನನ್ನ ಒಯ್ಯತಾರ. ಗೊತ್ತೈತೇನು?"

"ಕದ್ದಾಂವ ಹೋಗಲಿ."

ಆ ದಿನ ಹೋಳಿಗೆಯನ್ನು ಯಾರೂ ಬಾಯಿತುಂಬ ತಿನ್ನಲಿಲ್ಲ. ಮುದುಕ ಮಗನ ಪಂಕ್ತಿ ಬಿಟ್ಟು ಹೊರಗೆ ಕಟ್ಟೆಯ ಮೇಲೆ ತಾಟು ಇಡಿಸಿಕೊಂಡ. ಮುಂದಿನ ನಾಲ್ಕು ದಿನವೂ ಅದೇ ನಡೆಯಿತು. ಅತ್ತೆ ಮಲ್ಲಾಬಾಯಿ ಅತ್ತ ಒಂದು ತಾಟು, ಇತ್ತ ಒಂದು ತಾಟು ಹಿಡಿದು ಹೊಸ್ತಿಲು ದಾಟಿ ದಾಟಿ ಬೇಸತ್ತಳು.

"ಒಂದು ಮನ್ಯಾಗ ಎರಡು ಖಾನಾವಳಿ ನಡಸಾಕ ನನಗ ಶಕ್ತಿ ಇಲ್ಲ," ಅಂದಳು. "ಒಬ್ಬರರ ಎದ್ದು ಬರ್ರಿ."

"ಆತಗ ಹೇಳು," ಅಂದ ಅಂಬ್ರಪ್ಪ. "ನೌಕರಿ ನನಗ ಸಿಗಬಾರದು, ಅಷ್ಟ ಅದ ಆತಗ. ಇಲ್ಲದ್ದು ಒಂದು ನೆವ ಹುಡುಕ್ಯಾನ. ನನಗ ಬಂದೂಕೂ ಬ್ಯಾಡ, ಏನೂ ಬ್ಯಾಡ. ಅದ ಮಿಲ್ಲಿನಾಗ ಅರಳಿ ಅಂಡಿಗಿ ಹೊರಾಕ ಹೋಗ್ತೀನಿ. ಹೋದವ ಇತ್ತ ಹೊಳ್ಳಿ ಬರಂಗಿಲ್ಲ."

ಕಟ್ಟೆಯ ಮೇಲಿಂದ ಮುದುಕ ಅಂದ: "ಹೊಳ್ಳಿ ಬರಬ್ಯಾಡ. ನನ್ನ ಬಂದೂಕು ಎಲ್ಲಿಟ್ಟಿ ಅಷ್ಟ ಹೇಳಿ ಹೋಗು."

ಅಂಬ್ರಪ್ಪ ತಾಟು ಸರಿಸಿ ಎದ್ದ. ಗೂಟದ ಮೇಲಿನ ತನ್ನ ಅಂಗಿ ತೆಗೆದುಕೊಂಡ. ಆಗ ಒಲೆಯ ಮುಂದಿಂದ ಮೋನಮ್ಮ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು.

"ಬಂದೂಕು ತಿಕ್ಕಿದಾಕಿ ನಾನು," ಅಂದಳು.

ಯಾರಿಗೂ ತಿಳಿಯಲಿಲ್ಲ. ಮಲ್ಲಾಬಾಯಿ, "ಏನ್ ತಿಕ್ಕಿದಿ?" ಅಂದಳು.

"ನಳಗಿ ರೀ ಅತ್ತಿ. ತುಕ್ಕು ಹತ್ತಿತ್ತು. ಹಂಡೆ ಬೆಳಗಿದಂಗ ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕಿ, ನೀರು ಹಾಕಿ ತೊಳದೆ. ಬೆಳ್ಳಗಾಗಿತ್ತು. ಮರದಿನ ಕೆಂಪಗಾತು."

"ಬಂದೂಕಿಗಿ ಹುಣಸಿಹಣ್ಣ?" ಮಲ್ಲಾಬಾಯಿ ಸೊಸೆಯ ಮುಖ ನೋಡುತ್ತಲೇ ಕುಳಿತಳು. "ಒಗ್ಗರಣಿನೂ ಕೊಟ್ಟಿಯೇನು?"

ಅಂಬ್ರಪ್ಪನ ಕೈಯಿಂದ ಅಂಗಿ ಕೆಳಗೆ ಬಿತ್ತು. "ನಾಕು ದಿನ ಆತು ನಾ ಕಳ್ಳ ಅನಿಸಿಕೊಳ್ಳಾಕತ್ತು. ಬಾಯಿ ಇರಲಿಲ್ಲೇನು ನಿನಗ?"

"ಇತ್ತು. ಹೆದರಿಕೀನೂ ಇತ್ತು."

ಕಟ್ಟೆಯ ಕಡೆಯಿಂದ ಬಸವಂತ್ರಾಯನ ನಗು ಕೇಳಿಸಿತು. ಒಳ್ಳೆಯ ನಗು ಅಲ್ಲ ಅದು. "ಗಂಡನ್ನ ಉಳಸಾಕ ಹೇಳಾಕತ್ತಾಳ. ಯಾವ ಮನಿ ಹೆಣ್ಮಗಳು ಬಂದೂಕು ಬೆಳಗ್ಯಾಳ?"

"ನಾ ಬೆಳಗೀನ್ರಿ ಮಾವ. ನಮ್ಮ ತವರು ಬಳಿಚಕ್ರದಾಗ ಬಂದೂಕು ಇರಲಿಲ್ಲ. ನನಗ ಗೊತ್ತಾಗಲಿಲ್ಲ." ಕಟ್ಟೆಯ ಕಡೆ ತಿರುಗಿ, "ಮೊದಲು ಹೆಂಗಿತ್ತೋ ಹಂಗ ಮಾಡಿಕೊಟ್ರ ನಿಮ್ಮದು ಅಂತ ಒಪ್ಪತೀರೇನ್ರಿ?" ಅಂದಳು.

ಮುದುಕ ತಡಕಾಡಿ ತಂಬಿಗೆ ಎತ್ತಿದ. ತಾಟಿನಲ್ಲಿ ಕೈ ತೊಳೆದ. "ನನ್ನ ಬಂದೂಕು ಇದ್ರ ನನ್ನ ಕೈಗಿ ತಿಳೀತೈತಿ," ಅಂದ. "ಮಾಡು ನೋಡೋಣು."

ಗುರುವಾರಕ್ಕೆ ಆಗ ಒಂದು ತಿಂಗಳಿಗೂ ಕಡಿಮೆ ಉಳಿದಿತ್ತು.

ಸುರಪುರದ ರಂಗಂಪೇಟೆಯಲ್ಲಿ ನಸೀರುದ್ದೀನ ಅಂತ ಒಬ್ಬ ಮುದುಕ ಬೀಗ, ಹೊಲಿಗೆ ಮಶೀನು ರಿಪೇರಿ ಮಾಡಿಕೊಂಡಿದ್ದ. ಅವನ ತಂದೆ ಹಿಂದಿನ ಕಾಲದಲ್ಲಿ ದೊಡ್ಡ ಮನೆಗಳ ಬಂದೂಕು ಹಸನು ಮಾಡುತ್ತಿದ್ದವನು. ಬಸವಂತ್ರಾಯನ ಬಂದೂಕಿಗೂ ಅವನದೇ ಕೈ ಹತ್ತಿತ್ತು. ಸಂತೆಯ ದಿನ ಗಂಡಹೆಂಡತಿ ಅವನ ಅಂಗಡಿಯ ಮುಂದೆ ಹೋಗಿ ನಿಂತರು. ಅಂಬ್ರಪ್ಪ ನಡೆದದ್ದನ್ನು ಹೇಳಿದ. ಹುಣಸೆಹಣ್ಣಿನ ಮಾತು ಬಂದಾಗ ಧ್ವನಿ ಇಳಿಸಿದ.

"ಜೋರಾಗಿ ಹೇಳಪ್ಪಾ, ನನಗ ಕಿವಿ ಮಂದ ಅದ," ಅಂದ ನಸೀರುದ್ದೀನ.

"ಹುಣಸಿಹಣ್ಣು ಹಚ್ಚ್ಯಾಳ್ರಿ ಕಾಕಾ."

ನಸೀರುದ್ದೀನ ಕನ್ನಡಕ ಹಣೆಗೆ ಏರಿಸಿ ಮೋನಮ್ಮನನ್ನು ನೋಡಿದ. "ಅದು ಸಾರಿಗಿ ಹಾಕ್ತಾರ, ಬೇಟಿ. ಕಬ್ಬಿಣಕ್ಕ ಹುಳಿ ಅಂದ್ರ ವೈರಿ ಅದ. ಕರ್ರಗಿತ್ತಲ್ಲ, ಅದು ಕೊಳಿ ಅಂತ ತಿಳದೇನು? ಅದು ಅದರ ಅಂಗಿ ಇದ್ದಂಗ. ನಮ್ಮ ಅಬ್ಬಾ ಹಚ್ಚಿದ ರೋಗನ್ ಅದು. ಅಂಗಿ ಕಳದು ನೀ ಅದನ್ನ ಕಾಲುವಿ ಥಂಡಿಯೊಳಗ ನಿಂದ್ರಿಸಿದಿ."

"ನೀವ ಮತ್ತ ಹಚ್ಚಿ ಕೊಡ್ರಿ ಕಾಕಾ," ಅಂದಳು.

"ಉಹೂಂ. ಬಂದೂಕಿಗಿ ಕೈ ಹಚ್ಚಾಕ ನನ್ನ ಹಂತ್ಯಾಕ ಲೈಸೆನ್ಸ್ ಇಲ್ಲ. ಅಬ್ಬಾ ಹೋದ ಮ್ಯಾಲ ಅದು ಮುಗೀತು. ಬಾಯಿಲೆ ಹೇಳ್ತೀನಿ, ಕೈ ನಿಮ್ಮದು. ನಿಮ್ಮ ಮಾವನ ಮನ್ಯಾಗ, ನಿಮ್ಮ ಮಾವನ ಮುಂದ ಕೂತು ಮಾಡ್ರಿ."

ಒಂದೊಂದೇ ಬೆರಳು ಮಡಚಿ ಹೇಳಿದ. ನೀರು ಸೋಕಬಾರದು. ಜರಡಿ ಹಿಡಿದ ಒಲೆಬೂದಿಗೆ ಚಿಮಣಿ ಎಣ್ಣೆ ಕಲಸಿ ಅರಿವೆಯಿಂದ ತುಕ್ಕು ತೆಗೆಯಬೇಕು, ಅವಸರ ಮಾಡಿ ಉಜ್ಜಬಾರದು. ಒಣ ಅರಿವೆಯಿಂದ ಒರೆಸಿ ಬಿಸಿಲಿಗೆ ಇಟ್ಟು ಕೈಗೆ ಬೆಚ್ಚಗೆ ಹತ್ತುವಷ್ಟು ಕಾಯಿಸಬೇಕು. ಕುಸುಬೆ ಎಣ್ಣೆಯನ್ನು ಬೆರಳ ನಡುವೆ ನೂಲು ಎಳೆಯುವ ತನಕ ಕುದಿಸಿ ಆರಿಸಿರಬೇಕು. ಅದೇ ರೋಗನ್. ಅಂಗೈಯಿಂದ ಸವರಿ, ಸವರಿದ್ದನ್ನೆಲ್ಲ ಒರೆಸಿ ತೆಗೆಯಬೇಕು. ಕಣ್ಣಿಗೆ ಕಾಣದ ಹಾಗೆ ಉಳಿದದ್ದೇ ಒಂದು ಕೈ. ಅದು ಒಣಗಿದ ಮೇಲೆ ಇನ್ನೊಂದು ಕೈ. ಹೀಗೆ ಏಳು ಕೈ.

"ಒಮ್ಮೆಲೆ ದಪ್ಪ ಹಚ್ಚಿದ್ರ?" ಅಂತ ಅಂಬ್ರಪ್ಪ ಕೇಳಿದ.

"ಜಿಗಟ ಆಗ್ತದ. ನೊಣ ಹಿಡಿಯಾಕ ಬರ್ತದ."

ತೊಂದರೆ ಬಂದದ್ದು ಎಣ್ಣೆಯದು. ಕಕ್ಕೇರಾ ಅಂಗಡಿಯವನು ಕುಸುಬೆ ಎಣ್ಣೆ ಅಂತಲೇ ಒಂದು ಶೀಸೆ ಕೊಟ್ಟ. ಮೋನಮ್ಮ ಬೂದಿ ಹಚ್ಚಿ ಎರಡು ದಿನ ತುಕ್ಕು ತೆಗೆದು, ಎಣ್ಣೆ ಕುದಿಸಿ, ಕಾಣದ ಹಾಗೆ ಒರೆಸಿ, ಬಿಸಿಲಿಗೆ ಇಟ್ಟಳು. ಒಂದು ದಿನ ಆಯಿತು, ಎರಡು ದಿನ ಆಯಿತು, ನಾಲ್ಕು ದಿನ ಆಯಿತು. ಒಣಗಲಿಲ್ಲ. ಎದುರು ಕಣದಲ್ಲಿ ಯಾರೋ ಹೆಸರುಕಾಳು ತೂರಿದ ಹೊಟ್ಟು ಹಾರಿ ಬಂದು ನಳಿಗೆಗೆ ಮೆತ್ತಿಕೊಂಡಿತು.

ಮುದುಕ ಬಂದು ಕೈಯಾಡಿಸಿದ. "ಗಡ್ಡ ಬಂದೈತಲ್ಲ ಇದಕ್ಕ," ಅಂದು ಹೋದ.

ಅಂಬ್ರಪ್ಪನಿಗೆ ಸಿಟ್ಟು ತಡೆಯಲಿಲ್ಲ. "ನಿನಗ ಹೇಳಿದ್ಯಾರು ಇದಕ್ಕೆಲ್ಲ ಕೈ ಹಾಕಂತ? ಇನ್ನ ಹದಿನಾರು ದಿನ ಉಳದಾವ. ಗುಡಿ ಬಾಗಿಲಿಗಿ ಬಳೀತಾರಲ್ಲ, ಆ ಕರಿ ಬಣ್ಣ ತಂದು ಬಳದುಬಿಡ್ತೀನಿ. ಹೊಳೀತೈತಿ, ನುಣ್ಣಗೂ ಆಗತೈತಿ."

"ನಂಬರ್ ಮುಚ್ಚತೈತಿ," ಅಂದಳು ಮೋನಮ್ಮ. "ಸಾಹೇಬ್ರು ನಂಬರ್ ಎಲ್ಲಿ ಅಂದ್ರ ಏನ್ ಹೇಳ್ತೀರಿ?"

ಅವಳು ಶೀಸೆಯ ಎಣ್ಣೆಯನ್ನು ಅಂಗೈಗೆ ಸುರಿದು ಮೂಸಿದಳು. ತವರಿನಲ್ಲಿ ಹುಟ್ಟಿದಾಗಿನಿಂದ ಕುಸುಬೆ ಎಣ್ಣೆಯ ಅಡಿಗೆ ಉಂಡವಳು. "ಇದರಾಗ ಕುಸುಬಿ ಹೆಸರಿಗಷ್ಟ ಐತಿ. ಉಳಿದದ್ದು ರೇಷನ್ ಎಣ್ಣಿ. ಅತ್ತಿ, ನಾ ಬಳಿಚಕ್ರಕ್ಕ ಹೋಗಿ ಬರ್ತೀನ್ರಿ. ಅಲ್ಲಿ ಕಾಲುವಿ ಬಂದಿಲ್ಲ, ಇನ್ನೂ ಕುಸುಬಿ ಬೆಳೀತಾರ."

ಭತ್ತದ ಕಳೆ ತೆಗೆಯುವ ಹೊತ್ತು. ಮಲ್ಲಾಬಾಯಿ ಕೂಡಲೇ ಹೂಂ ಅನ್ನಲಿಲ್ಲ. "ಹಬ್ಬದ ಮುಂದ ಸೊಸಿ ತವರಿಗಿ ಹೋದ್ರ ಊರ ಮಂದಿ ಏನಂತಾರ?"

"ಬಂದೂಕು ಬೆಳಗ್ಯಾಳ, ಅದಕ್ಕ ಓಡಿಸ್ಯಾರ ಅಂತಾರ."

ಮಲ್ಲಾಬಾಯಿಗೆ ನಗು ಬಂತು. ಸೆರಗಿನ ಗಂಟು ಬಿಚ್ಚಿ ಬಸ್ಸಿನ ಹಣ ಕೈಗಿಟ್ಟಳು. "ಮೂರು ದಿನ. ನಾಕನೇ ದಿನ ಕಳಿ ತಗಿಯಾಕ ನೀ ಇರಬೇಕು."

ಸುರಪುರ, ಶಹಾಪುರ, ಯಾದಗಿರಿ. ಬಸ್ಸು ಬದಲಿಸಿ ಬದಲಿಸಿ ಮೋನಮ್ಮ ಸಂಜೆಗೆ ತವರು ಸೇರಿದಳು. ಅಲ್ಲಿ ಗೋಡೆಗಳು ಒಣಗಿದ್ದವು. ತಾಯಿ ಹಣಮಮ್ಮ ಮಗಳು ಜಗಳಾಡಿ ಬಂದಿದ್ದಾಳೆ ಅಂತಲೇ ತಿಳಿದು ಬುಟ್ಟಿ ಇಳಿಸುವ ಮುಂಚೆಯೇ ಕಣ್ಣಿಗೆ ಸೆರಗು ಹಚ್ಚಿಕೊಂಡಳು.

"ಅಳಬ್ಯಾಡವ್ವ. ಎರಡು ಸೇರು ಕುಸುಬಿ ಎಣ್ಣಿ ಬೇಕಾಗೈತಿ."

"ಎಣ್ಣಿ ಸಲುವಾಗಿ ಇಷ್ಟು ದೂರ ಬಂದೀಯೇನು? ನಿಮ್ಮಲ್ಲಿ ಎಣ್ಣಿ ಇಲ್ಲೇನು?"

"ನಮ್ಮಲ್ಲಿ ನೀರೈತಿ, ಎಣ್ಣಿ ಇಲ್ಲ."

ಹಣಮಮ್ಮ ವರ್ಷಕ್ಕಾಗುವಷ್ಟು ಎಣ್ಣೆ ಇಟ್ಟುಕೊಂಡ ಗಡಿಗೆಯ ಬಾಯಿ ಬಿಚ್ಚಿದಳು. ಯಾತಕ್ಕೆ ಅಂತ ಕೇಳಿದಾಗ ಮೋನಮ್ಮ ಹೇಳಿದಳು. ತಾಯಿ ಎಣ್ಣೆ ಸುರಿಯುವುದನ್ನು ನಿಲ್ಲಿಸಿದಳು. "ಹುಣಸಿಹಣ್ಣು ಹಚ್ಚಿ ಬೆಳಗಂತ ಕಲಿಸಿದಾಕಿ ನಾನ," ಅಂದಳು. "ಯಾವುದಕ್ಕ ಹಚ್ಚಬಾರದು ಅಂತ ಕಲಸಲಿಲ್ಲ ನೋಡು." ಆಮೇಲೆ ಇನ್ನೊಂದು ಅರ್ಧ ಸೇರು ಹೆಚ್ಚಿಗೆ ಸುರಿದಳು.

ಮನೆಗೆ ಬಂದ ಮರುದಿನ ಹಳೆಯ ಜಿಗಟನ್ನು ಚಿಮಣಿ ಎಣ್ಣೆಯಿಂದ ತೊಳೆದು ಮತ್ತೆ ಮೊದಲಿನಿಂದ ಸುರು ಮಾಡಿದಳು. ಬೆಳಿಗ್ಗೆ ಕಳೆಗೆ ಹೋಗಿ ಮಧ್ಯಾಹ್ನ ಬಂದು ರೊಟ್ಟಿ ತಿಂದು ಅಂಗಳದ ಬಂಡೆಯ ಮೇಲೆ ಕೂರುವಳು. ಅಂಬ್ರಪ್ಪ ನಳಿಗೆಯನ್ನು ಮರದ ಹಿಡಿಯಿಂದ ಬಿಚ್ಚಿ ಕೊಡುವನು. ಕಾದ ಕಬ್ಬಿಣದ ಮೇಲೆ ಅವಳ ಅಂಗೈ ಹೋಗುವುದು ಬರುವುದು. ಆಮೇಲೆ ಹಳೆ ಧೋತರದ ತುಂಡಿನಿಂದ ಒರೆಸುವುದು.

ಬಸವಂತ್ರಾಯ ಮೊದಲ ದಿನ ಕಟ್ಟೆಯಿಂದ ಇಳಿಯಲಿಲ್ಲ. ಎರಡನೆಯ ಕೈ ಹಚ್ಚುವ ದಿನ ಕೋಲು ಊರಿಕೊಂಡು ಬಂದು ಹತ್ತಿರ ಕುಳಿತ. ಮೂರನೆಯ ದಿನ ಬಾಯಿ ಬಿಟ್ಟ.

"ಬಿಸಲು ಇಳದೈತಿ. ಇನ್ನ ಹಚ್ಚಬ್ಯಾಡ. ಥಂಡಿ ಕುಡೀತೈತಿ."

"ನಿಮಗ ಕಾಣತೈತೇನ್ರಿ ಮಾವ?"

"ಬೆನ್ನಿಗಿ ತಿಳೀತೈತಿ."

ಅವಳು ನಿಲ್ಲಿಸಿದಳು. ಅಂಬ್ರಪ್ಪ ತಂದೆಯ ಮುಖ ನೋಡಿದ. "ಈಗರ ನಿನ್ನ ಬಂದೂಕು ಅಂತೀಯೋ ಇಲ್ಲೋ?"

"ನಾ ಎಲ್ಲಿ ಅಂದೆ? ಕೆಟ್ಟ ಕೆಲಸ ನೋಡಾಕ ಆಗಲಿಲ್ಲ, ಹೇಳಿದೆ."

ಆ ದಿನ ರೊಟ್ಟಿ ಬಡಿಯುವಾಗ ಮಲ್ಲಾಬಾಯಿ ಒಲೆಗೆ ಕಟ್ಟಿಗೆ ದೂಡುತ್ತ ಸೊಸೆಗೆ ಮೆಲ್ಲಗೆ ಹೇಳಿದಳು: "ನಲವತ್ತು ವರ್ಷ ಹೆಗಲಿಗಿ ಹಾಕಿಕೊಂಡಾನ. ತೂಕ ತಿಳಿಯಂಗಿಲ್ಲೇನು ಆತಗ? ಅಮಾಸಿ ದಿನಾನ ತಿಳದಾನ."

ಮೋನಮ್ಮನ ಕೈಯಲ್ಲಿ ರೊಟ್ಟಿ ಹರಿಯಿತು. "ಮತ್ಯಾಕ್ರಿ ಹಿಂಗ?"

"ಹೊಲ ಮಗನ ಹೆಸರಿಗಿ ಹೋತು. ಎತ್ತು ಮಗನ ಕೈಯಾಗ ಅದಾವ. ಕಣ್ಣು ಹೋದ್ವು. ಉಳದದ್ದು ಅದೊಂದ. ಅದನ್ನೂ ಕೊಟ್ಟ ಮ್ಯಾಲ ಅಮಾಸಿಗಿ ಏನ್ ಮಾಡಬೇಕು ಆತ, ನೀನ ಹೇಳು."

"ಹಂಗಿದ್ರ ನಾ ಎಷ್ಟು ಹಚ್ಚಿದ್ರೂ ಒಪ್ಪಂಗಿಲ್ಲಲ್ಲ."

"ಅದು ನನಗೂ ಗೊತ್ತಿಲ್ಲ. ರೊಟ್ಟಿ ಸುಡಾಕತ್ತೈತಿ, ಹೊಳ್ಳಿ ಹಾಕು."

ಈ ಮಾತನ್ನು ಮೋನಮ್ಮ ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಆ ದಿನವೇ ಮನೆ ಎರಡಾಗುತ್ತಿತ್ತು.

ನಾಲ್ಕನೆಯ ಕೈಗೆ ನಳಿಗೆ ಜೇನಿನ ಬಣ್ಣಕ್ಕೆ ತಿರುಗಿತು. ಐದನೆಯದಕ್ಕೆ ಮೋಡ ಕವಿಯಿತು. ಎರಡು ದಿನ ಸೂರ್ಯ ಮುಖ ತೋರಿಸಲಿಲ್ಲ. ಹಸಿ ಗಾಳಿ ಗದ್ದೆಯ ಮೇಲಿಂದ ಬೀಸಿತು. ಹಚ್ಚಿದ ಎಣ್ಣೆ ಒಣಗದೆ ಮತ್ತೆ ಬೆರಳಿಗೆ ಅಂಟತೊಡಗಿತು. ಅಂಬ್ರಪ್ಪ ದಿನ ಎಣಿಸಿದ, ಬೈದ, ಹೊಲಕ್ಕೆ ಹೋದ. ಮೋನಮ್ಮ ನಳಿಗೆಯನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಲು ಹೊರಟಾಗ ಮುದುಕ ಕೋಲಿನಿಂದ ನೆಲ ಕುಟ್ಟಿದ.

"ಹೊಗಿ ಹತ್ತತೈತಿ. ಹೊಗ್ಯಾಗ ಇಟ್ರ ಮ್ಯಾಲ ಮಸಿ ಕೂಡತೈತಿ. ಜ್ವಾಳದ ಗಳಿಗಿಯೊಳಗ ಹುಗದಿಡು. ಹಳೆ ಜ್ವಾಳ ಐತಲ್ಲ, ಮಳಿಗಿಂತ ಮೊದಲು ಕೊಂಡು ತಂದದ್ದು. ಅದು ಥಂಡಿ ಎಳಕೊಳ್ಳತೈತಿ. ಮೊದಲು ಅರಿವಿ ಸುತ್ತು."

ಅವಳು ತನ್ನ ಹಳೆಯ ಹತ್ತಿ ಸೀರೆಯ ತುಂಡು ಸುತ್ತಿ ಜೋಳ ತುಂಬಿದ ಬಿದಿರಿನ ಗಳಿಗೆಯಲ್ಲಿ ಹುಗಿದಿಟ್ಟಳು. ಮೂರನೆಯ ದಿನ ಬಿಸಿಲು ಬಿತ್ತು. ತೆಗೆದು ನೋಡಿದರೆ ನಳಿಗೆ ಒಣಗಿತ್ತು, ಉಗುರಿನಿಂದ ಕೆರೆದರೂ ಏಳಲಿಲ್ಲ. ಆರನೆಯ ಕೈ ಆಯಿತು. ದೀಪಾವಳಿ ಪಾಡ್ಯದ ದಿನ ಏಳನೆಯದೂ ಆಯಿತು. ಬಣ್ಣ ಮೊದಲಿನ ಹಾಗೆ ಕಪ್ಪು ಬರಲಿಲ್ಲ. ಸುಟ್ಟ ಬೆಲ್ಲದ ಬಣ್ಣ ಬಂತು. ಬುಡದಲ್ಲಿ ನಂಬರು ಒಂದೊಂದಾಗಿ ಓದುವ ಹಾಗಿತ್ತು.

ಅಂಬ್ರಪ್ಪ ಬಂದೂಕು ಜೋಡಿಸಿ ತಂದೆಯ ತೊಡೆಯ ಮೇಲಿಟ್ಟ. ಮುದುಕ ತುದಿಯಿಂದ ಬುಡದ ತನಕ ಒಮ್ಮೆ, ಬುಡದಿಂದ ತುದಿಯ ತನಕ ಒಮ್ಮೆ ಸವರಿದ. ಮೂಸಿದ.

"ಗುರುವಾರ ಎಷ್ಟು ಗಂಟೆಕ್ಕ ಬಸ್ಸು?" ಅಂದ.

ಗುರುವಾರ ಎಲ್ಲರೂ ಹೊರಟರು. ಮಲ್ಲಾಬಾಯಿ ಮಾತ್ರ ಎತ್ತು ನೋಡಿಕೊಳ್ಳಲು ಉಳಿದಳು. ಲೈಸೆನ್ಸ್ ಅವನದೇ ಇದ್ದುದರಿಂದ ಬಂದೂಕನ್ನು ಬಸವಂತ್ರಾಯನೇ ಅರಿವೆ ಸುತ್ತಿ ಮಡಿಲಲ್ಲಿಟ್ಟುಕೊಂಡ. ಹೊರಡುವಾಗ ತೆಳ್ಳಗೆ ಒಂದು ಸಲ ಮಶೀನ್ ಎಣ್ಣೆ ಸವರು ಅಂತ ನಸೀರುದ್ದೀನ ಹೇಳಿದ್ದ. ಅದನ್ನೂ ಮುದುಕ ತಾನೇ ಮಾಡಿದ. ಬಸ್ಸಿನಲ್ಲಿ ಅಂಬ್ರಪ್ಪ ಎರಡು ಸಲ ಕೇಳಿದ, "ಅಪ್ಪಾ, ಅಲ್ಲಿ ಹೋಗಿ ಏನ್ ಹೇಳ್ತಿ?" ಅಂತ. ಎರಡು ಸಲವೂ ಮುದುಕ ಕಿಟಕಿಯ ಕಡೆ ಮುಖ ತಿರುಗಿಸಿದ.

ಕಚೇರಿಯಲ್ಲಿ ಗುಮಾಸ್ತ ಒಳ್ಳೆಯವನು. ಮುದುಕನಿಗೆ ಕುರ್ಚಿ ಕೊಡಿಸಿದ. ತೋಟಾ ಇಲ್ಲದ್ದನ್ನು ಬಿಚ್ಚಿ ನೋಡಿದ, ನಂಬರು ಪುಸ್ತಕಕ್ಕೆ ತಾಳೆ ಹಾಕಿದ. ನಳಿಗೆಯನ್ನು ಬೆಳಕಿಗೆ ಹಿಡಿದು, "ಚೊಲೋ ಇಟ್ಟೀರಿ," ಅಂದ. ಆಮೇಲೆ ಬಂದೂಕನ್ನು ಬಸವಂತ್ರಾಯನ ಕೈಗೆ ಕೊಟ್ಟ.

"ಅಜ್ಜಾ, ನೀವ ಹೇಳಬೇಕು. ಇದು ನಿಮ್ಮದೇನ್ರಿ?"

ಮುದುಕನ ಬೆರಳು ನಳಿಗೆಯ ಮೇಲೆ ನಡೆದಾಡಿತು. ಅಂಬ್ರಪ್ಪ ಮೇಜಿನ ಅಂಚು ಹಿಡಿದುಕೊಂಡಿದ್ದ. ಬಾಗಿಲ ಹತ್ತಿರ ನಿಂತಿದ್ದ ಮೋನಮ್ಮ ನೆಲ ನೋಡಿದಳು.

"ಕಬ್ಬಿಣ ನಂದೈತ್ರಿ ಸಾಹೇಬ್ರ," ಅಂದ ಬಸವಂತ್ರಾಯ. "ಮ್ಯಾಲಿನ ಮೈ ನನ್ನ ಸೊಸೀದು."

ಗುಮಾಸ್ತ ಪೆನ್ನು ಎತ್ತಿದ. "ಹಂಗಂದ್ರ ನಾ ಏನ್ ಬರೀಲಿ?"

"ನಂದ ಅಂತ ಬರೀರಿ."

"ಮಗಗ ಕೊಡಾಕ ಒಪ್ಪಿಗಿ ಐತಿ?"

"ಐತಿ. ಆದರ ಒಂದು ಮಾತು ಜೋಡಸ್ರಿ. ಅಮಾಸಿಗೊಮ್ಮಿ ಇಂವ ಬಂದೂಕು ತಗೊಂಡು ಮನಿಗಿ ಬರಬೇಕು. ಎಣ್ಣಿ ಹಚ್ಚಾಕಿ ಆಕಿ. ಹಚ್ಚಿದ್ದು ನೋಡಾಂವ ನಾ."

"ಅದನ್ನ ಬರಿಯಾಕ ಈ ಫಾರ್ಮಿನಾಗ ಜಾಗ ಇಲ್ಲಜ್ಜಾ."

"ಇಲ್ಲಂದ್ರ ಬಿಡ್ರಿ. ನೀವು ಕೇಳೀರಿ, ಇಂವ ಕೇಳ್ಯಾನ."

ಅಂಬ್ರಪ್ಪ, "ಬರ್ತೀನಪಾ," ಅಂದ. ತಂದೆಯ ಕಡೆ ತಿರುಗಿ ಇನ್ನೊಮ್ಮೆ ಹೇಳಿದ.

ಗುಮಾಸ್ತ ಬರೆದು ಮುಗಿಸಿ ಮಸಿಯ ಡಬ್ಬಿ ತೆರೆದ. ಮುದುಕನ ಹೆಬ್ಬೆರಳು ಹಿಡಿದು ಮಸಿಗೆ ಒತ್ತಿ ಕಾಗದದ ಮೇಲೆ ಒತ್ತಿದ. ಎಣ್ಣೆಗೈಗೆ ಮಸಿ ಹತ್ತದೆ ಬರೀ ಒಂದು ಜಿಡ್ಡಿನ ಕಲೆ ಬಿತ್ತು.

"ಬೆರಳು ಹಸನ ಮಾಡ್ರಿ ಯಾರರ," ಅಂದ.

ಮೋನಮ್ಮ ಬಾಗಿಲಿನಿಂದ ಒಳಗೆ ಬಂದು ಸೆರಗಿನ ತುದಿಯಿಂದ ಮಾವನ ಹೆಬ್ಬೆರಳು ಒರೆಸಿದಳು.

"ಒತ್ತಿ ಒರಸು," ಅಂದ ಬಸವಂತ್ರಾಯ. "ಗೆರಿ ಕಾಣಬೇಕು."

ಅವಳು ಇನ್ನೊಮ್ಮೆ ಗಟ್ಟಿಯಾಗಿ ಒರೆಸಿದಳು. ಎರಡನೆಯ ಸಲ ಮಸಿ ಹತ್ತಿತು. ಕಾಗದದ ಮೇಲೆ ಹೆಬ್ಬೆರಳಿನ ಗೆರೆಗಳು ಒಂದೂ ಬಿಡದೆ ಮೂಡಿದವು.